ಕಲ್ಲಿನ ಕೆಳಸಾಲು

ಕಲ್ಲು ತೊಳೆದಷ್ಟೂ ಎಣ್ಣೆ ಬಿಡುತ್ತಿತ್ತು. ವಿದ್ಯಾವತಿ ಸೀಗೆಪುಡಿ ಹಾಕಿ ತಿಕ್ಕಿದಳು. ಕುಂಕುಮ ಕರಗಿ ಅವಳ ಬರಿಗಾಲ ಸುತ್ತ ಕೆಂಪಗೆ ನಿಂತಿತು.

ಕೊಹಿನೂರು ಎಂಬ ಊರಿನ ಹೊಲದ ಬದುವಿನಲ್ಲಿದ್ದ ಈ ಕಲ್ಲು ಅವರ ಮನೆತನದ ಮೂಲಪುರುಷ. ಕಲ್ಯಾಣದ ಕೋಟೆಬಾಗಿಲು ಕಾಯುತ್ತ ಮಡಿದ ದಂಡನಾಯಕ ಎಂದು ಅಜ್ಜ ಹೇಳುತ್ತಿದ್ದ. ಅಜ್ಜನಿಗೆ ಅವನ ಅಜ್ಜ ಹೇಳಿದ್ದನಂತೆ. ವರ್ಷಕ್ಕೊಮ್ಮೆ ಹುಮನಾಬಾದದಿಂದ ಮನೆಮಂದಿ ಬಂದು ಹೋಳಿಗೆ ಎಡೆ ಮಾಡಿ ಹೋಗುತ್ತಿದ್ದರು. ಈಗ ಗುರುಲಿಂಗ ಕಾಕಾ ಮಂಟಪ ಕಟ್ಟಿಸಿದ್ದ. ಸೋಮವಾರ ಉದ್ಘಾಟನೆ. ಫಲಕಕ್ಕೆ ನಾಲ್ಕು ಮಾತು ಬರೆದುಕೊಡುವ ಕೆಲಸ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಅವಳದು. ಹಳೆಯ ಲಿಪಿ ಬಲ್ಲವಳೂ ಅವಳೊಬ್ಬಳೇ. ಕಲ್ಲು ಓದದೆ ಬರೆಯಲು ಅವಳ ವಿದ್ಯೆ ಬಿಡಲಿಲ್ಲ.

ಅಕ್ಷರಗಳು ಎದ್ದು ಬಂದವು. ಊರ ದನಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ ಬೆನ್ನಟ್ಟಿ, ದನ ಮರಳಿಸಿ, ಸತ್ತವನ ಕಲ್ಲು. ಕೋಟೆಯಿಲ್ಲ, ಬಾಗಿಲಿಲ್ಲ. ಕೆಳಸಾಲಿನಲ್ಲಿ ಹೆಸರಿತ್ತು: ಹೊಲೆಯರ ಮಾರ.

ಮತ್ತೆ ಓದಿದಳು. ದುಃಖವಾಗಬೇಕಿತ್ತು, ಇಲ್ಲವೆ ಸಂತೋಷ. ಏನೂ ಆಗಲಿಲ್ಲ. ಓದು ಸರಿಯಿದೆ ಎಂಬುದಷ್ಟೇ ತಿಳಿಯಿತು.

ಮಂಟಪದ ನೆರಳಲ್ಲಿ ಕೂತಿದ್ದ ಕಾಕಾನಿಗೆ ಹೇಳಿದಳು. ಅವನು ತೊಗರಿ ಹೊಲದ ಕಡೆ ನೋಡಿದ.

"ಕೆಳಗಿನ ಸಾಲು ಸವದದ ಅಂತ ಬರಿ."

"ಸವದಿಲ್ಲ ಕಾಕಾ."

"ಸೋಮವಾರದ ಒಳಗ ಸವೀತದ."

ಅವಳು ಅಲ್ಲಿಂದ ಎದ್ದು ಮಚ್ಚೇಂದ್ರನ ಮನೆಗೆ ನಡೆದಳು. ಅವಳ ಜೊತೆ ಬಿ.ಎ. ಓದಿದವನು, ಈಗ ಇದೇ ಊರಲ್ಲಿ ಮಾಸ್ತರ. ಮಾರನ ಕೇರಿಯೇ ಅವನ ಹಿರಿಯರ ಕೇರಿ. ಗೋಡೆಯ ಮೇಲೆ ಬುದ್ಧನ ಪಟವಿತ್ತು. ಹೆಂಡತಿ ರತ್ನಮಾಲಾ ಚಹಾ ಕೊಟ್ಟಳು. ವಿದ್ಯಾವತಿ ಎಲ್ಲವನ್ನೂ ಹೇಳಿದಳು. ಕಲ್ಲು ನಿಮ್ಮದು, ಕೆಡಿಸುವ ಮುಂಚೆ ಬಂದು ಕೇಳಿ ಎಂದಳು.

"ಸಣ್ಣವಿದ್ದಾಗ ಅದನ್ನ ಮುಟ್ಟಿದ್ದಕ್ಕ ನಿಮ್ಮ ಅಜ್ಜ ನನಗ ಹೊಡದಿದ್ದರು," ಎಂದ ಮಚ್ಚೇಂದ್ರ. ದನಿಯಲ್ಲಿ ಸಿಟ್ಟಿರಲಿಲ್ಲ. "ಮನ್ಯಾಗಿನ ದೇವರನೇ ಹೊರಗಿಟ್ಟು ಬಂದೀವ್ರಿ ನಾವು. ಈ ಮಾರನ್ನ ಎಲ್ಲಿ ಕೂಡಸೂದು?"

ಅವಳು ಕಪ್ಪು ಕೆಳಗಿಟ್ಟಳು.

"ಇರ್ಲಿ. ನೀವು ಫಲಕದ ಮ್ಯಾಲ ಏನ್ ಬರೀತೀರಿ?"

ಬಸ್ಸಿಗೆ ಹೊತ್ತಾಯಿತು ಎಂದಳು.

ಎಸ್‌ಟಿಡಿ ಬೂತಿನ ಮುಂದೆ ಹುಮನಾಬಾದದ ಬಸ್ಸು ನಿಂತಿತ್ತು. ಕಿಟಕಿ ಬದಿ ಕೂತಳು. ಪಕ್ಕದ ಮುದುಕಿ ಎಲೆಯಡಿಕೆ ಮೆಲ್ಲುತ್ತ, ಯಾರ ಪೈಕಿಯವಳೆಂದು ವಿಚಾರಿಸಿದಳು. ಹುಮನಾಬಾದದವಳು ಎಂದಳು ವಿದ್ಯಾವತಿ.

"ಅದು ಊರಾತವ್ವ. ನೀ ಯಾರ ಪೈಕಿ?"

ವಿದ್ಯಾವತಿ ಹೊರಗೆ ನೋಡಿದಳು. ಮುದುಕಿ ಮತ್ತೆ ಕೇಳಲಿಲ್ಲ. ಮುಂದಿನ ಊರಲ್ಲಿ ಇಳಿದುಹೋದಳು.

ಬಸ್ಸು ತುಂಬತೊಡಗಿತು. ವಿದ್ಯಾವತಿ ತನ್ನ ಕೈಚೀಲವನ್ನು ಖಾಲಿಯಾದ ಜಾಗದ ಮೇಲಿಟ್ಟಳು. ಯಾಕೆಂದು ಅವಳಿಗೂ ತಿಳಿಯದು. ಎಲ್ಲಿ ಕೂಡಸೂದು ಎಂಬ ಮಚ್ಚೇಂದ್ರನ ಮಾತು ಕಿವಿಯಲ್ಲಿತ್ತು.

"ಇಲ್ಲಿ ಯಾರರೆ ಬರ್ತಾರೇನ್ರಿ?" ಯಾರೋ ಕೇಳಿದರು.

"ಬರ್ತಾರ."

ಕೇಳಿದವರು ಕಂಬಿ ಹಿಡಿದು ನಿಂತರು. ಊರೂರು ಹಿಂದೆ ಸರಿದವು. ಯಾರೂ ಬರಲಿಲ್ಲ. ನಿಂತವರ ನೆರಳುಗಳು ಮಾತ್ರ ಆ ಜಾಗದಲ್ಲಿ ಒಂದಿಷ್ಟು ಕೂತು, ಎದ್ದು ಹೋಗುತ್ತಿದ್ದವು.