ಮಗಳ ತಲೆ ಮುಟ್ಟಿ

“ಬಾಯಿ ತೆಗಿಯೋ. ಹಾಂ, ಈಗ ಉಸಿರು ಬಿಡು.”

ಲಿಂಗಣ್ಣ ಬಾಯಿ ತೆರೆದು ಉಸಿರು ಬಿಟ್ಟ. ಸಾವಿತ್ರಿಬಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ಸನತ್‌ನಗರದ ಅವನ ಒಂದೇ ಕೋಣೆಯ ಮನೆಯಲ್ಲಿ ಎರಡು ಹೆಜ್ಜೆ ಸರಿದರೆ ಬೆನ್ನಿಗೆ ಗೋಡೆ.

“ಹಾಡಹಗಲೇ ಹಾಕ್ಕೊಂಡು ಬಂದಾನ,” ಎಂದರು. ಅವರ ಟ್ರಸ್ಟಿನ ಗುಮಾಸ್ತ ದತ್ತಾತ್ರೇಯ ಫಾರಮಿನಲ್ಲಿ ಅದನ್ನೇ ಬರೆದುಕೊಂಡ.

“ಅದು ಥಿನ್ನರ್ ವಾಸನಿರಿ ಅಕ್ಕಾರ. ಪೇಂಟ್ ಹೊಡಿತೀನಲ್ರಿ, ಮೈಯಾಗೆಲ್ಲ ಇಳದೈತಿ.”

“ಎಲ್ಲಾ ಕುಡುಕ್ರೂ ಹಿಂಗೇ ಒಂದೊಂದು ನೆವ ಹೇಳ್ತಾರ. ಕಣ್ಣು ನೋಡು, ಕೆಂಡ ಆಗ್ಯಾವ.”

ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಅನ್ನುವ ಲೋಕ ಇದು. ಲಿಂಗಣ್ಣ ಆ ಮರದ ಕೆಳಗೂ ಕೂತವನಲ್ಲ. ಹದಿನೆಂಟು ವರ್ಷದಿಂದ ಬಾಲಾನಗರದ ಶೆಡ್ಡಿನಲ್ಲಿ ಕಬ್ಬಿಣದ ಅಲಮಾರಿಗಳಿಗೆ ಬಣ್ಣ ಹೊಡೆಯುತ್ತಿದ್ದ. ಶೆಡ್ಡು ಸಾವಿತ್ರಿಬಾಯಿಯ ಗಂಡನದು. ಬಡ ಮಕ್ಕಳ ಓದಿಗೆ ಹಣ ಕೊಡುವ ಟ್ರಸ್ಟೂ ಅವರದೇ. ಆಕೆ ಆಫೀಸಿನ ಬಾಗಿಲು ದಾಟಿ ಶೆಡ್ಡಿನೊಳಗೆ ಎಂದೂ ಹೋದವರಲ್ಲ. ಹೋಗಿದ್ದರೆ ವಾಸನೆಯ ಗುರುತು ಸಿಗುತ್ತಿತ್ತು.

ಮಗಳು ಗುರುದೇವಿಗೆ ಪಾಲಿಟೆಕ್ನಿಕ್ ಸೀಟು ಸಿಕ್ಕಿತ್ತು. ಸೋಮವಾರದೊಳಗೆ ಹನ್ನೆರಡು ಸಾವಿರ ಕಟ್ಟದಿದ್ದರೆ ಅದು ಬೇರೆಯವರ ಪಾಲು. ಆ ಹಣಕ್ಕೆ ಟ್ರಸ್ಟಿಗೆ ಅರ್ಜಿ ಹಾಕಿದ್ದರಿಂದ ಮನೆಯವರೆಲ್ಲ ಈ ತಪಾಸಣೆಯನ್ನು ಸಹಿಸಿಕೊಂಡರು.

ಹೋಗುವಾಗ ಸಾವಿತ್ರಿಬಾಯಿ ಲಿಂಗಣ್ಣನ ಹೆಂಡತಿ ಗದಿಗೆಮ್ಮನನ್ನು ಹೊರಗೆ ಕರೆದರು. “ಇಷ್ಟು ವರ್ಷ ದುಡದಾನ. ಒಂದು ಫೀ ಕಟ್ಟಾಕ ಆಗಂಗಿಲ್ಲ ಅಂದ್ರ ಪಗಾರ ಎಲ್ಲಿ ಹೊಂಟೈತಿ? ನೀನೇ ತಿಳಕೊ.”

ಎಲ್ಲಿಗೆ ಹೋಗುತ್ತದೆಂದು ಗದಿಗೆಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಬಾಡಿಗೆ, ಗ್ಯಾಸು, ಅತ್ತೆಯ ಕಣ್ಣಿನ ಆಪರೇಶನ್ನು. ಗೊತ್ತಿದ್ದೂ ಆ ಮಾತು ಹೊಟ್ಟೆಯೊಳಗೆ ಹೊಕ್ಕು ಕೂತಿತು. ರೊಟ್ಟಿ ಬಡಿಸುವ ನೆಪದಲ್ಲಿ ಗಂಡನ ಬಾಯಿಯ ಹತ್ತಿರ ಮುಖ ತಂದಳು. ಅವನು ಜಳಕಕ್ಕೆ ಹೋದಾಗ ಅಂಗಿಯ ಕಿಸೆ ತಡಕಿದಳು. ಸಿಕ್ಕಿದ್ದು ಮೂಗಿಗೆ ಕಟ್ಟಿಕೊಳ್ಳುವ ಹಳೇ ಸೀರೆಯ ಚೂರು. ಅದರ ನಡುವೆ ಹಸಿರು ಬಣ್ಣ ಗಟ್ಟಿಯಾಗಿ ಕೂತಿತ್ತು.

“ನೀನೂ ಮೂಸಾಕತ್ತಿ ಏನ?”

ತಿರುಗಿದರೆ ಲಿಂಗಣ್ಣ, ಒದ್ದೆ ಮೈಯಲ್ಲಿ ನಿಂತಿದ್ದ.

“ನನ್ನ ಬುದ್ಧಿಗೆ ಬೆಂಕಿ ಹಾಕ,” ಎಂದಳು ಗದಿಗೆಮ್ಮ. ಅವನು ರೇಗಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. ಅವನು ರೇಗಲಿಲ್ಲ.

ಭಾನುವಾರ ಲಿಂಗಂಪಲ್ಲಿಯ ಕಲ್ಯಾಣಮಂಟಪದಲ್ಲಿ ಚೆಕ್ಕು ಹಂಚುವ ಸಮಾರಂಭ. ವೇದಿಕೆ ಹತ್ತುವ ಮೊದಲು ದತ್ತಾತ್ರೇಯ ಲಿಂಗಣ್ಣನ ರಟ್ಟೆ ಹಿಡಿದ.

“ಲೇ ಲಿಂಗ್ಯಾ, ಮಗಳ ತಲಿ ಮ್ಯಾಲ ಕೈ ಇಟ್ಟು, ಇವತ್ತಿನಿಂದ ಕುಡಿಯೂದು ಬಿಟ್ಟೆ ಅಂತ ಮೈಕಿನಾಗ ಆಣಿ ಮಾಡು. ವಿಡಿಯೊ ಆಗತೈತಿ.”

“ಕುಡದೇ ಇಲ್ಲಲ್ರಿ, ಬಿಡೂದು ಏನ್ರಿ?”

“ಭಾಡ್ಯಾ, ಮಗಳು ಓದಬೇಕೋ ಬ್ಯಾಡೋ?”

ಲಿಂಗಣ್ಣ ಮಗಳ ಹಿಂದೆ ವೇದಿಕೆಯ ಮೆಟ್ಟಿಲು ಹತ್ತಿದ.

ವೇದಿಕೆಯ ಮೇಲೆ ಚೆಕ್ಕಿನ ಒಂದು ತುದಿ ಗುರುದೇವಿಯ ಕೈಲಿ, ಫೋಟೋಕ್ಕೆಂದು ಇನ್ನೊಂದು ತುದಿ ದತ್ತಾತ್ರೇಯನ ಕೈಲಿ. ಲಿಂಗಣ್ಣ ಮಗಳ ತಲೆಯ ಮೇಲೆ ಕೈ ಇಟ್ಟ. “ನಾ... ಇವತ್ತಿನಿಂದ...”

ಕೆಳಗೆ ಕೂತಿದ್ದ ಗದಿಗೆಮ್ಮ ಎದ್ದು ನಿಂತಳು. ಮಕ್ಕಳ ತಲೆ ಮುಟ್ಟಿ ಸುಳ್ಳು ಆಣೆ ಮಾಡಿದರೆ ಅದು ಮಕ್ಕಳನ್ನೇ ತಿನ್ನುತ್ತದೆ ಎಂದು ನಂಬಿ ಬೆಳೆದವಳು ಅವಳು. ಓಡಿಹೋಗಿ ವೇದಿಕೆ ಹತ್ತಿ ಗಂಡನ ಕೈ ಕಿತ್ತು ಹಾಕಿದಳು. ಮೈಕು ತೆಗೆದು ಅಲ್ಲೇ ಕುರ್ಚಿಯಲ್ಲಿ ಕೂತಿದ್ದ ಸಾವಿತ್ರಿಬಾಯಿಯ ಮುಖಕ್ಕೆ ಹಿಡಿದಳು.

“ಇವನ್ಯಾಕ ಮಾಡ್ತಾನ ಆಣಿ? ನೀವು ಮಾಡ್ರಿ ಅಕ್ಕಾರ. ನಿಮ್ಮ ಮಗ ಋಷಭ್ ಬಾಜೂಕೇ ಕುಂತಾನಲ್ಲ, ಅವನ ತಲಿ ಮ್ಯಾಲ ಕೈ ಇಡ್ರಿ. ಶೆಡ್ಡಿನ್ಯಾಗ ಒಬ್ಬರಿಗರೆ ಒಂದು ಮಾಸ್ಕ್ ಕೊಟ್ಟೀವಿ ಅನ್ರಿ. ಈ ವಾಸನಿ ನಮ್ಮ ಶೆಡ್ಡಿಂದಲ್ಲ ಅನ್ರಿ. ಅನ್ರಿ!”

ಸಾವಿತ್ರಿಬಾಯಿಯ ಕೈ ಮಗನ ತಲೆಯವರೆಗೆ ಹೋಗಿ ನಿಂತಿತು. ಆಮೇಲೆ ಮೆಲ್ಲಗೆ ಸೆರಗಿನೊಳಗೆ ಸೇರಿಕೊಂಡಿತು.

“ಹೊರಗ ಹಾಕ್ರಿ ಈ ಸೂಳೆಮಕ್ಕಳನ್ನ!” ದತ್ತಾತ್ರೇಯ ಚೆಕ್ಕು ಎಳೆದ. ಗುರುದೇವಿ ಬಿಡಲಿಲ್ಲ.

“ಹರಿತೈತಿ, ಬಿಡು!”

“ಹರೀರಿ,” ಎಂದಳು ಅವಳು. “ಹರದವರು ನೀವು ಅನ್ನೂದೂ ವಿಡಿಯೊದಾಗ ಬರಲಿ.”