ಮೇವಿಸ್‌ಳ ಬಾರಿನ ಬಿಡಾರದ ಪುಸ್ತಕ

ಟ್ಯಾಮರಾಕ್ ಊರಿನ ಇತಿಹಾಸವನ್ನು ಯಾರಾದರೂ ಬರೆಯುವುದಾದರೆ, ಮೊದಲ ಅಧ್ಯಾಯವನ್ನು ಚರ್ಚಿಗೂ ಕೊಡಬೇಕಿಲ್ಲ, ಮರದ ಮಿಲ್ಲಿಗೂ ಕೊಡಬೇಕಿಲ್ಲ. ಮೇವಿಸ್‌ಳ ಬಾರಿನ ಕಟ್ಟೆಯ ಮೇಲೆ, ವಿನೆಗರ್‌ನಲ್ಲಿ ನೆನೆದ ಮೊಟ್ಟೆಗಳ ಜಾಡಿಯ ಪಕ್ಕದಲ್ಲಿ, ಗಾಳದ ದಾರಕ್ಕೆ ಕಟ್ಟಿದ ಪೆನ್ಸಿಲ್ಲಿನ ಸಮೇತ ಬಿದ್ದಿರುವ ಗೆರೆ ಹಾಕಿದ ನೋಟುಪುಸ್ತಕಕ್ಕೆ ಕೊಡಬೇಕು. ನವೆಂಬರಿನ ಜಿಂಕೆ ಬೇಟೆಯ ಒಂಬತ್ತು ದಿನ ಸರ್ಕಾರಿ ಕಾಡಿನಲ್ಲಿ ಬಿಡಾರ ಹೂಡುವ ಪ್ರತಿಯೊಬ್ಬನೂ ತಾನು ಎಲ್ಲಿದ್ದೇನೆಂದು ಅದರಲ್ಲಿ ಬರೆಯತಕ್ಕದ್ದು. ಹತ್ತೊಂಬತ್ತು ವರ್ಷದ ಹಿಂದೆ ಎಮಿಲ್ ಎಂಬ ಮುದುಕ ಗುಡಾರದಲ್ಲೇ ಮರಗಟ್ಟಿ ಸತ್ತು, ಏಪ್ರಿಲ್‌ನಲ್ಲಿ ಹಿಮ ಕರಗಿದ ಮೇಲೆ ಸಿಕ್ಕಿದ. ಆಗ ಪಾದ್ರಿಗಳು ತಾವೇ ಈ ಪುಸ್ತಕ ತಂದಿಟ್ಟು, ಮೊದಲ ಪುಟದಲ್ಲಿ ದುಂಡಗೆ ಎರಡು ಸಾಲು ಬರೆದರು: ನಿಜವಾದ ಜಾಗ ತಿಳಿಸಿ. ಅಪಾಯವಾದರೆ ಮೂರು ಗುಂಡು ಹಾರಿಸಿ.

ಮೊದಲ ವರ್ಷ ಎಲ್ಲರೂ ನಿಜವನ್ನೇ ಬರೆದರು. ಎರಡನೆಯ ವರ್ಷ, ಶುಕ್ರವಾರದ ಮೀನಿನ ಊಟಕ್ಕೆ ಬಂದ ಶಿಕಾಗೋದ ಮೂವರು ಪುಸ್ತಕವನ್ನು ಬಹಳ ಆಸಕ್ತಿಯಿಂದ ಓದಿ, ಬೆಳಗಾಗುವಷ್ಟರಲ್ಲಿ ಎಮಿಲ್‌ನ ತಮ್ಮನ ಜಾಗದಲ್ಲಿ ಗುಡಾರ ಹೊಡೆದು ಕೂತಿದ್ದರು. ಸರ್ಕಾರಿ ಕಾಡಿನಲ್ಲಿ ಜಾಗಕ್ಕೆ ನಂಬರಿಲ್ಲ, ನಲ್ಲಿಯಿಲ್ಲ, ಕಕ್ಕಸಿಲ್ಲ, ಮುಂಗಡವಿಲ್ಲ. ಮೊದಲು ಬಂದವನದೇ ನೆಲ. ಹದಿನಾಲ್ಕು ದಿನ ಅವನನ್ನು ಯಾರೂ ಎಬ್ಬಿಸುವಂತಿಲ್ಲ. ಆ ಮೂವರು ಹೊಡೆದ ಜಿಂಕೆಗೆ ಹತ್ತು ಕವಲಿನ ಕೊಂಬಿತ್ತು. ಅಂದಿನಿಂದ ಪುಸ್ತಕದಲ್ಲಿ ಬರೀ ಸುಳ್ಳು. ಹಾಗೆಂದು ಯಾರೂ ಬರೆಯುವುದನ್ನು ಬಿಡಲಿಲ್ಲ, ಪಾದ್ರಿಗಳ ಮನಸ್ಸು ನೋಯಬಾರದಲ್ಲ. ಗಂಡಸರು ಸಾಲಾಗಿ ನಿಂತು, ಟೋಪಿ ತೆಗೆದು, ಗಂಭೀರವಾಗಿ ಸುಳ್ಳು ಬರೆದು ಹೋಗುತ್ತಿದ್ದರು.

ಈ ಪುಸ್ತಕವನ್ನು ಓದಬಲ್ಲವನು ಊರಲ್ಲಿ ಒಬ್ಬನೇ ಎಂದು ಲೈಲ್ ಪ್ರಾಕ್ನೋ ನಂಬಿದ್ದ. ಮೂವತ್ತೊಂದು ವರ್ಷ ಕೌಂಟಿಯ ಹಿಮ ತಳ್ಳುವ ಗಾಡಿ ಓಡಿಸಿ ನಿವೃತ್ತನಾದ ಅವನಿಗೆ, ನಕ್ಷೆಯಲ್ಲಿಲ್ಲದ ಮರ ಸಾಗಿಸುವ ದಾರಿಗಳೂ ಗೊತ್ತಿದ್ದವು. ಬಿಡಾರಕ್ಕೆ ಎಂಥ ಜಾಗ ಬೇಕು ಎಂಬುದೂ ಗೊತ್ತಿತ್ತು: ನೆಲ ಮಟ್ಟಸವಾಗಿರಬೇಕು, ತಲೆಯ ಮೇಲೆ ಒಣಗಿದ ಮರವಿರಬಾರದು, ನೀರು ಹತ್ತಿರವಿದ್ದೂ ಹತ್ತಿರವಿರಬಾರದು. ಕಾಡಿನ ನಡುವೆ ಸೇಬಿನ ಮರ ಕಂಡರೆ ಅಲ್ಲಿ ಹಿಂದೆ ಯಾರೋ ಬೇಸಾಯ ಮಾಡಿ ಸೋತು ಹೋಗಿದ್ದಾರೆಂದು ಅರ್ಥ. ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಸುಳ್ಳಿಗೂ ಹೀಗೆಯೇ ಲಕ್ಷಣಗಳುಂಟು ಎಂಬುದು ಲೈಲ್‌ನ ಸಿದ್ಧಾಂತ. ಒಬ್ಬ ಪೂರ್ವಕ್ಕೆ ಪಶ್ಚಿಮ ಬರೆಯುತ್ತಾನೆ, ಇನ್ನೊಬ್ಬ ದಾರಿಯ ನಂಬರಿಗೆ ಎರಡು ಕೂಡಿಸುತ್ತಾನೆ, ಮತ್ತೊಬ್ಬ ಹೋದ ವರ್ಷದ ಜಾಗವನ್ನು ಈ ವರ್ಷ ಹಾಕುತ್ತಾನೆ. ಎಲ್ಲರ ಲೆಕ್ಕವೂ ಅವನಿಗೆ ಸಿಕ್ಕಿತ್ತು, ಒಬ್ಬನದನ್ನು ಬಿಟ್ಟು. ಆ ಒಬ್ಬ ಅವನ ಅಕ್ಕ ಆರ್ಲಿಸ್‌ಳ ಗಂಡ, ವೆಂಡೆಲ್ ಕುಬಿಯಾಕ್.

ವೆಂಡೆಲ್ ಇಪ್ಪತ್ತೆರಡು ವರ್ಷದಿಂದ ಒಬ್ಬನೇ ಹೋಗಿ, ಒಬ್ಬನೇ ಬಂದು, ಹೆಚ್ಚುಕಡಿಮೆ ಪ್ರತಿ ಸಲವೂ ಟ್ರಕ್ಕಿನ ಹಿಂದೆ ಜಿಂಕೆ ಮಲಗಿಸಿಕೊಂಡು ಬರುತ್ತಿದ್ದ. ಲೈಲ್ ಎರಡು ಸಲ ಅವನ ಹಿಂದೆಯೇ ಗಾಡಿ ಬಿಟ್ಟು ದಾರಿ ತಪ್ಪಿದ್ದ. ಒಮ್ಮೆ ಭಾವನ ಕೋಟಿನ ಜೇಬಿನಲ್ಲಿ ಹುಳುಕು ಹಿಡಿದ ಪುಟ್ಟ ಸೇಬು ಕಂಡಿತ್ತು. ಆ ಸೇಬನ್ನು ಅವನು ಆರು ವರ್ಷದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ.

ಈ ವರ್ಷ ವೆಂಡೆಲ್‌ಗೆ ಎಪ್ಪತ್ತೊಂದು. ಬೇಸಿಗೆಯಲ್ಲಿ ಮಂಡಿಯ ಆಪರೇಷನ್ ಆಗಿತ್ತು. ಹೋಗಲೇಕೂಡದೆಂದು ಆರ್ಲಿಸ್ ಒಂದು ತಿಂಗಳು ಜಗಳವಾಡಿ, ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದ್ದಳು. ಬೇಟೆ ಶುರುವಾಗುವ ಹಿಂದಿನ ಸಂಜೆ ವೆಂಡೆಲ್ ಬಾರಿಗೆ ಬಂದು, ಕೋಲನ್ನು ಕಟ್ಟೆಗೆ ಒರಗಿಸಿ ಪೆನ್ಸಿಲ್ ಹಿಡಿದ. ಲೈಲ್ ಬ್ರಾಂದಿಯ ಲೋಟದೊಂದಿಗೆ ಪಕ್ಕಕ್ಕೆ ಸರಿದು ಬಂದ.

"ಏನ್ ಭಾವ, ಕಥೆ ಬರೀತಾ ಇದ್ದೀರಾ?"

"ನೀನು ಓದ್ಲಿ ಅಂತಲೇ ಬರೀತಿರೋದು ಕಣೋ. ಅಕ್ಷರ ಇನ್ನೂ ದೊಡ್ಡದು ಮಾಡ್ಲಾ?"

ಬರೆದದ್ದು ಇಷ್ಟು: ಬೀವರ್ ಹಳ್ಳದ ದಾರಿ, ಕವಲಿನಲ್ಲಿ ಬಲಕ್ಕೆ, ಹಳೇ ಜಲ್ಲಿ ಗುಂಡಿ, ಟ್ರಕ್ಕು ರಸ್ತೆಗೇ ಕಾಣುತ್ತದೆ.

"ಜಲ್ಲಿ ಗುಂಡೀನಾ?" ಲೈಲ್ ನಕ್ಕ. "ಅಲ್ಲಿಗೆ ಜಿಂಕೆ ಬರಬೇಕು ಅಂದ್ರೆ ಲಾರಿ ಹತ್ತಿಕೊಂಡೇ ಬರಬೇಕು."

"ಈ ಸಲ ನಿಜ. ನಿಮ್ಮಕ್ಕನ ಮೇಲಾಣೆ."

"ಸಿಗರೇಟು ಬಿಡ್ತೀನಿ ಅಂತಲೂ ಅವಳ ಮೇಲೇ ಆಣೆ ಇಟ್ಟಿದ್ರಿ."

"ಆದ್ರೂ ಬದುಕಿದಾಳಲ್ಲ," ಎಂದಳು ಮೇವಿಸ್, ಲೋಟ ಒರೆಸುತ್ತ. "ಗಟ್ಟಿ ಹೆಂಗಸು."

ವೆಂಡೆಲ್ ಕೂಡ ನಕ್ಕು, ಕೋಲು ತೆಗೆದುಕೊಂಡು ಹೋದ. ಅವನು ನಕ್ಕದ್ದನ್ನು ಲೈಲ್ ತನ್ನ ಸಿದ್ಧಾಂತಕ್ಕೆ ಸಿಕ್ಕ ಸಾಕ್ಷಿಯೆಂದು ಜಮಾ ಮಾಡಿಕೊಂಡ.

ಬೇಟೆಯ ಕಾಲವಿರಲಿ, ಮದುವೆಯ ದಿನವಿರಲಿ, ಭಾನುವಾರ ಮಧ್ಯಾಹ್ನದ ಫುಟ್‌ಬಾಲ್ ಆಟಕ್ಕೆ ವೆಂಡೆಲ್ ಬಾರಿನ ಟಿವಿಯ ಮುಂದೆ ಹಾಜರಿರುತ್ತಿದ್ದ. ಆ ಭಾನುವಾರ ಬರಲಿಲ್ಲ. ಹೊರಗೆ ಹಿಮ ಬೀಳುತ್ತಿತ್ತು. ಜಿಂಕೆ ಸಿಕ್ಕಿರಬೇಕು, ಎಳೆದು ತರುತ್ತಿರಬೇಕು ಎಂದು ಎಲ್ಲರೂ ಅಂದುಕೊಂಡರು. ಮಂಡಿಯ ವಿಷಯ ಯಾರಿಗೂ ನೆನಪಾಗಲಿಲ್ಲ. ಸಂಜೆ ಆರ್ಲಿಸ್ ಫೋನು ಮಾಡಿದಳು. ಕಾಡಿನೊಳಗೆ ಮೊಬೈಲು ಹಿಡಿಯುವುದಿಲ್ಲವಾದ್ದರಿಂದ ತಮ್ಮನನ್ನು ಕೇಳುವುದೊಂದೇ ದಾರಿ. ಜಲ್ಲಿ ಗುಂಡಿಗೆ ಹೋಗಿ ನೋಡು, ಅವರು ನಿಜ ಬರೆದಿದ್ದಾರೆ, ನಾನು ಹಾಕಿದ ಷರತ್ತೇ ಅದು, ಪಕ್ಕದಲ್ಲಿ ಕೂತು ಮಾತು ತಗೊಂಡಿದ್ದೇನೆ ಎಂದಳು. ಈ ಹಿಮದಲ್ಲಿ ಕತ್ತಲಾದ ಮೇಲೆ ಹೋದರೆ ತನ್ನನ್ನೇ ಹುಡುಕಬೇಕಾದೀತು, ಬೆಳಿಗ್ಗೆ ಮೊದಲ ಕೆಲಸ ಅದೇ ಎಂದು ಲೈಲ್ ಸಮಾಧಾನ ಮಾಡಿದ. ಸಮಾಧಾನವಾಗದೆ ಆರ್ಲಿಸ್ ಪೊಲೀಸರಿಗೂ ಫೋನು ಮಾಡಿದಳು.

ಸೋಮವಾರ ಬೆಳಿಗ್ಗೆ ಏಳಕ್ಕೆ ಬಾರಿನ ಮುಂದೆ ಕೌಂಟಿಯ ಪೊಲೀಸ್ ಜೀಪು ನಿಂತಿತ್ತು. ಒಳಗೆ ಡೆಪ್ಯುಟಿ ಥಾವೊ ಪುಸ್ತಕ ಓದುತ್ತಿದ್ದಳು. ಲೈಲ್ ಅವಳಿಗೆ ಪುಸ್ತಕದ ಇತಿಹಾಸವನ್ನು ಹೇಳಿದ. ಅವಳು ತಾಳ್ಮೆಯಿಂದ ಕೇಳಿಸಿಕೊಂಡಳು.

"ಇರಬಹುದು ಸಾರ್. ಆದ್ರೂ ಬರೆದಿರೋ ಜಾಗ ಮೊದಲು ನೋಡಿಬಿಡೋಣ."

"ನೀನು ಹೊಸಬಳು ಕಣಮ್ಮ. ಈ ಜನ ಗೊತ್ತಿಲ್ಲ ನಿಂಗೆ."

"ಒಂಬತ್ತು ವರ್ಷ ಆಯ್ತು ಸಾರ್."

"ಅದೇ ಹೇಳಿದ್ದು."

ಆದರೆ ಅವಳ ಕೈಯಲ್ಲಿ ಆ ಬೆಳಿಗ್ಗೆ ಇದ್ದದ್ದು ಒಂದೇ ಜೀಪು, ಮತ್ತು ಹೆದ್ದಾರಿಯಲ್ಲಿ ಮಗುಚಿದ ಒಂದು ಹಾಲಿನ ಟ್ಯಾಂಕರು. ಲೈಲ್ ಧಾರಾಳವಾಗಿ ದಾರಿ ತೋರಿಸಿದ. ಜಲ್ಲಿ ಗುಂಡಿ ತನ್ನ ದಾರಿಯಲ್ಲೇ ಬರುತ್ತದೆ, ಅದನ್ನು ತಾನು ನೋಡಿಕೊಂಡು ಮುಂದೆ ಹೋಗುತ್ತೇನೆ. ಅವಳು ಹೆದ್ದಾರಿಯ ಕೆಲಸ ಮುಗಿಸಿ ಕೆರೆಯ ಕಡೆ ನೋಡಲಿ. ಅವಳು ತನ್ನ ಕಿರುಪುಸ್ತಕದಲ್ಲಿ ಬರೆದುಕೊಂಡಳು: ಜಲ್ಲಿ ಗುಂಡಿ, ಲೈಲ್.

"ಮೊದಲು ಅಲ್ಲಿಗೇ ಹೋಗ್ತೀರಲ್ಲ ಸಾರ್?"

"ಹೂಂ."

ಬೀವರ್ ಹಳ್ಳದ ಕವಲಿಗೆ ಬಂದಾಗ ಟ್ರಕ್ಕಿನ ಗಡಿಯಾರದಲ್ಲಿ ಏಳೂ ಮುಕ್ಕಾಲು. ಬಲಕ್ಕೆ ಹೋದರೆ ಅರ್ಧ ಮೈಲಿಗೆ ಜಲ್ಲಿ ಗುಂಡಿ. ಎಡಕ್ಕೆ ಒಂದೂವರೆ ಮೈಲಿಗೆ, ಕೌಂಟಿ ಎಂದೂ ಹಿಮ ತಳ್ಳದ ದಾರಿಯ ಕೊನೆಯಲ್ಲಿ, ಒಬ್ಬ ನಾರ್ವೆಯವನು ನೂರು ವರ್ಷದ ಹಿಂದೆ ಬಿಟ್ಟು ಹೋದ ಹೊಲ. ಅಲ್ಲಿ ಸೇಬಿನ ಮರವಿದ್ದರೂ ಇರಬಹುದೆಂದು ಅವನಿಗೆ ರಾತ್ರಿಯೆಲ್ಲ ಅನಿಸಿತ್ತು. ಬಲ ಎಂದು ಬರೆದಿದ್ದಾನೆ; ಹಾಗಾದರೆ ಎಡ. ರಸ್ತೆಗೇ ಕಾಣುತ್ತದೆ ಎಂದಿದ್ದಾನೆ, ಹಾಗಾದರೆ ಕಾಣುವುದಿಲ್ಲ. ಗುಂಡಿಯನ್ನು ವಾಪಸು ಬರುವಾಗ ನೋಡಿದರಾಯಿತು ಎಂದುಕೊಂಡು ಲೈಲ್ ಎಡಕ್ಕೆ ತಿರುಗಿಸಿದ. ಟ್ರಕ್ಕು ಮುಂದೆ ಹೋಗದ ಕಡೆ ಇಳಿದು, ಕೊನೆಯ ಕಾಲು ಮೈಲಿ ನಡೆದ.

ಸೇಬಿನ ಮರವಿತ್ತು. ಒಂದಲ್ಲ, ಮೂರು. ನಡುವೆ ಮಟ್ಟಸ ನೆಲ, ಕಲ್ಲು ಜೋಡಿಸಿದ ಒಲೆ, ಕೂರಲು ಒಂದು ದಿಮ್ಮಿ. ಕೊಂಬೆಯಿಂದ ಕಿತ್ತಳೆ ಬಣ್ಣದ ಹುಲ್ಲುಕಂತೆ ಕಟ್ಟುವ ಹುರಿ ನೇತಾಡುತ್ತಿತ್ತು, ಎಡಗೈಯವನು ಹಾಕುವ ಗಂಟಿನೊಂದಿಗೆ. ವೆಂಡೆಲ್ ಎಡಚ. ದಿಮ್ಮಿಯ ಕೆಳಗೆ ಒಂದು ಕಾಫಿ ಡಬ್ಬಿಯ ತುಂಬ, ಬಿಟ್ಟೇಬಿಟ್ಟೆನೆಂದು ಆಣೆಯಿಟ್ಟಿದ್ದ ಸಿಗರೇಟಿನ ತುಂಡುಗಳು.

ಲೈಲ್‌ಗೆ ಆದ ಸಂತೋಷ, ಮಗಳ ಮದುವೆಯಲ್ಲೂ ಆಗಿರಲಿಲ್ಲವೆಂದರೆ ಅತಿಯಾಗಲಾರದು. ಇಪ್ಪತ್ತೆರಡು ವರ್ಷ! ಗುಡಾರ ಕಾಣಲಿಲ್ಲ, ಇನ್ನೂ ಒಳಗೆ, ಹೆಮ್‌ಲಾಕ್ ಮರಗಳ ಮರೆಯಲ್ಲಿ ಹೊಡೆದಿರಬೇಕು. ಟ್ರಕ್ಕೂ ಕಾಣಲಿಲ್ಲ, ಅದನ್ನು ಬಚ್ಚಿಡುವುದರಲ್ಲಿ ವೆಂಡೆಲ್ ನಿಸ್ಸೀಮ. ಹೆಜ್ಜೆ ಗುರುತಿಲ್ಲ, ನಿನ್ನೆಯ ಹಿಮ ಮುಚ್ಚಿರಬೇಕು. ಪ್ರತಿಯೊಂದು ಇಲ್ಲದ ವಸ್ತುವಿಗೂ ಅವನ ಬಳಿ ಒಂದು ಕಾರಣವಿತ್ತು. ಎರಡು ಸಲ ಕೂಗಿದ. ಉತ್ತರ ಬರಲಿಲ್ಲ. ಭಾವ ಬೇಟೆಗೆ ಹೋಗಿದ್ದಾನೆ, ಊಟದ ಹೊತ್ತಿಗೆ ಬರುತ್ತಾನೆ, ಬಂದಾಗ ತನ್ನ ದಿಮ್ಮಿಯ ಮೇಲೆ ಯಾರು ಕೂತಿದ್ದಾರೆಂದು ನೋಡುತ್ತಾನೆ. ಲೈಲ್ ಹಿಮ ಒರೆಸಿ ದಿಮ್ಮಿಯ ಮೇಲೆ ಕೂತು, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು, ಆಗ ಏನು ಹೇಳಬೇಕೆಂದು ಯೋಚಿಸತೊಡಗಿದ. "ಕಥೆ ಚೆನ್ನಾಗಿತ್ತು ಭಾವ" ಎಂಬುದು ಅವನಿಗೆ ಹಿಡಿಸಿತು.

ಒಂಬತ್ತೂವರೆಯ ಸುಮಾರಿಗೆ ಪಶ್ಚಿಮದ ಕಡೆಯಿಂದ ಗುಂಡಿನ ಸದ್ದು ಬಂತು. ಒಂದು. ಸ್ವಲ್ಪ ಬಿಟ್ಟು ಇನ್ನೊಂದು. ಅಷ್ಟೇ ಹೊತ್ತು ಬಿಟ್ಟು ಮೂರನೆಯದು.

"ಮೂರೂ ತಪ್ಪಿತಾ, ಪುಣ್ಯಾತ್ಮ," ಎಂದು ಲೈಲ್ ಗಟ್ಟಿಯಾಗಿಯೇ ಹೇಳಿದ. ಬೇಟೆಯ ವಾರದಲ್ಲಿ ಕಾಡಿನ ತುಂಬ ಗುಂಡಿನ ಸದ್ದೇ. ಗುರಿ ತಪ್ಪಿದವನು ಅಷ್ಟು ನಿಧಾನವಾಗಿ, ಅಳೆದಂತೆ, ಹೊಡೆಯುವುದಿಲ್ಲವೆಂಬುದು ಅವನಿಗೆ ಹೊಳೆದದ್ದು ಆಮೇಲೆ.

ಹನ್ನೊಂದು ದಾಟಿತು. ಚಳಿ ಬೂಟಿನೊಳಗೆ ಇಳಿಯಿತು. ಬೆಂಕಿ ಹಾಕೋಣವೆಂದು ಲೈಲ್ ಒಲೆಯ ಹಿಮವನ್ನು ಕೈಯಿಂದ ಬಳಿದ. ಕೆಳಗೆ ಬೂದಿಯಿರಲಿಲ್ಲ. ಹುಲ್ಲಿತ್ತು. ಒಂದು ಬೇಸಿಗೆಯೆಲ್ಲ ಕಲ್ಲುಗಳ ನಡುವೆ ಆರಾಮವಾಗಿ ಬೆಳೆದು ಒಣಗಿದ ಹುಲ್ಲು. ಈ ವರ್ಷ ಇಲ್ಲಿ ಯಾರೂ ಬೆಂಕಿ ಹೊತ್ತಿಸಿರಲಿಲ್ಲ. ಅವನು ತಾನು ಬಂದ ದಾರಿಯನ್ನು ನೋಡಿದ: ಕಾಲು ಮೈಲಿ ಏರು, ಅಡ್ಡ ಬಿದ್ದ ಮರಗಳು, ಹಳ್ಳ. ಕೋಲು ಹಿಡಿದವನು ದಾಟುವ ದಾರಿಯಲ್ಲ. ಕೋಲು ಹಿಡಿದವನಿಗೆ ಟ್ರಕ್ಕು ನೇರ ಹೋಗಿ ನಿಲ್ಲುವ, ಮಟ್ಟಸವಾದ, ಯಾರಿಗೂ ಬೇಡವಾದ ಜಾಗ ಬೇಕು.

ಫ್ಲಾಸ್ಕನ್ನು ಅಲ್ಲೇ ಬಿಟ್ಟು ಅವನು ಓಡಿದ.

ಜಲ್ಲಿ ಗುಂಡಿಯಲ್ಲಿ ವೆಂಡೆಲ್‌ನ ಟ್ರಕ್ಕು ರಸ್ತೆಗೇ ಕಾಣುತ್ತಿತ್ತು. ಹಿಂಬಾಗಿಲು ತೆರೆದಿತ್ತು. ಭಾನುವಾರ ಆಟಕ್ಕೆ ಹೊರಡಲೆಂದು ಸಾಮಾನು ಎತ್ತಿಡುವಾಗ ಮಂಡಿ ಕೈಕೊಟ್ಟು ಬಿದ್ದಿರಬೇಕು. ಸೊಂಟದ ಮೂಳೆ ಮುರಿದಿತ್ತೆಂದು ಡಾಕ್ಟರು ಆಮೇಲೆ ಹೇಳಿದರು. ಮಲಗುಚೀಲವನ್ನು ಹೇಗೋ ಕೆಳಕ್ಕೆ ಎಳೆದುಕೊಂಡು, ಹಿಂದಿನ ಚಕ್ರಕ್ಕೆ ಒರಗಿ, ಒಂದು ರಾತ್ರಿ ಕಳೆದಿದ್ದ. ತೊಡೆಯ ಮೇಲೆ ಬಂದೂಕು, ಅದು ಕೈಗೆ ಸಿಕ್ಕುವಷ್ಟರಲ್ಲಿ ಬೆಳಗಾಗಿರಬೇಕು. ವೆಂಡೆಲ್ ಅಚ್ಚುಕಟ್ಟಿನ ಮನುಷ್ಯ. ಖಾಲಿ ತೋಟಾಗಳನ್ನು ಬಿಸಾಡುತ್ತಿರಲಿಲ್ಲ. ಮೂರೂ ಪಕ್ಕದಲ್ಲಿ ಹಿಮದ ಮೇಲೆ ಸಾಲಾಗಿ ನಿಂತಿದ್ದವು. ಲೈಲ್ ಕೈಗವಸು ಕಿತ್ತೆಸೆದು ಭಾವನ ಕೋಟಿನೊಳಗೆ ಕೈ ಹಾಕಿದ. ಕಂಕುಳಲ್ಲಿ ಇನ್ನೂ ಸ್ವಲ್ಪ ಬಿಸಿಯಿತ್ತು. ಎದೆಯಲ್ಲಿ ಬಡಿತವಿರಲಿಲ್ಲ.

ಅಕ್ಕನ ಮನೆಗೆ ಲೈಲ್ ತಾನೇ ಹೋದ. ಡೆಪ್ಯುಟಿ ಥಾವೊ ಜೀಪಿನ ಬಳಿ ನಿಂತಳು. ಆರ್ಲಿಸ್ ಅಡುಗೆಮನೆಯ ಬಾಗಿಲಲ್ಲಿ ಎಲ್ಲವನ್ನೂ ಕೇಳಿಸಿಕೊಂಡಳು. ಅಳಲಿಲ್ಲ.

"ಜಲ್ಲಿ ಗುಂಡೀಲೇ ಇದ್ರಾ?"

"ಅಲ್ಲೇ ಇದ್ರು ಅಕ್ಕ."

"ನೀನು ಎಷ್ಟು ಹೊತ್ತಿಗೆ ಹೋದೆ?"

"ಬೆಳಿಗ್ಗೇನೇ," ಎಂದ ಲೈಲ್. "ನೇರ ಅಲ್ಲಿಗೇ ಹೋದೆ."

ಆರ್ಲಿಸ್ ಇಷ್ಟು ವರ್ಷ ವೆಂಡೆಲ್ ಬರೆದದ್ದನ್ನು ಓದಿದವಳು, ಅರವತ್ತಾರು ವರ್ಷ ಲೈಲ್‌ನ ಅಕ್ಕನಾಗಿದ್ದವಳು. ತಮ್ಮನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅವನ ಭುಜದ ಮೇಲಿಂದ, ಜೀಪಿನ ಬಳಿ ತನ್ನ ಕಿರುಪುಸ್ತಕ ಹಿಡಿದು ನಿಂತಿದ್ದವಳನ್ನು ನೋಡಿದಳು. ಥಾವೊ ತಲೆ ತಗ್ಗಿಸಿದಳು. ಆರ್ಲಿಸ್ ಬಾಗಿಲು ಹಾಕಿಕೊಂಡಳು.

ಪ್ರಾಣ ಹೋದದ್ದು ಸೋಮವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದರ ಒಳಗೆ ಎಂದು ಡಾಕ್ಟರು ಬರೆದುಕೊಟ್ಟರು.