ಯಾವುದರಿಂದ ಯಾವುದನ್ನು

ರಕ್ತನಿಧಿಯ ಕಚೇರಿಯಲ್ಲಿ ದಾನಿಗಳಿಗೆ ಫೋನ್ ಮಾಡುವ ಹಿರಿಯಾಕೆಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಸೋಮವಾರ ಬೆಳಿಗ್ಗೆ ಆಕೆ ಪ್ರೋಗ್ರಾಂ ಬರೆಯುವವಳ ಮೇಜಿಗೆ ಬಂದು, ಕಂಪ್ಯೂಟರ್ ಕೊಟ್ಟ ಪಟ್ಟಿಯಲ್ಲಿ ಅಪರೂಪದ ಗುಂಪಿನವರು ಒಬ್ಬರೂ ಇಲ್ಲ, ಇರುವವರೆಲ್ಲ ಹೋದ ತಿಂಗಳಷ್ಟೇ ರಕ್ತ ಕೊಟ್ಟವರು, ಈಗಲೇ ಮತ್ತೆ ಕೊಡುವಂತಿಲ್ಲ ಎಂದಳು. ಆಗಲೇ ಹನ್ನೊಂದು ಮಂದಿಗೆ ಫೋನ್ ಹೋಗಿತ್ತು.

ಅಪರೂಪದ ಗುಂಪಿನವರ ಪಟ್ಟಿಯಿಂದ ಇತ್ತೀಚೆಗೆ ಕೊಟ್ಟವರನ್ನು ತೆಗೆಯುವ ಪ್ರೋಗ್ರಾಮಿನ ಸಾಲಿನಲ್ಲಿ ಎರಡು ಪಟ್ಟಿಗಳು ಅದಲುಬದಲಾಗಿದ್ದವು. ಅದನ್ನು ಯಾರು ಮುಟ್ಟಿದ್ದು ಎಂದು ಪ್ರೋಗ್ರಾಂ ಬರೆಯುವವಳು ನೋಡಿದಳು. ಶುಕ್ರವಾರ ಸಂಜೆ, ಮೇಷ್ಟ್ರು.

ಮೇಷ್ಟ್ರು ಮೊದಲು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವರು. ಅವಳಿಗಿಂತ ಹಿರಿಯರು, ಅವಳ ಜೊತೆ ಪ್ರೋಗ್ರಾಂ ಬರೆಯುವ ಕೆಲಸಕ್ಕೆ ಸೇರಿ ಎರಡೇ ತಿಂಗಳು. ಹತ್ತು ವರ್ಷದಿಂದ ಅವಳೊಬ್ಬಳೇ ಬರೆದುಕೊಂಡು ಬಂದ ಪ್ರೋಗ್ರಾಮಿಗೆ ಕೈಹಾಕುವಾಗ ಒಂದು ಮಾತೂ ಕೇಳಿರಲಿಲ್ಲ. ಅವಳು ಸಾಲನ್ನು ಸರಿಮಾಡಿ ಬಾಯಿ ಮುಚ್ಚಿಕೊಂಡು ಅವರ ಮೇಲೆ ಕಣ್ಣಿಟ್ಟಳು. ಅವಳು ಹತ್ತಿರ ಸುಳಿದರೆ ಸಾಕು, ಅವರು ನೋಟ್‌ಬುಕ್ ಮುಚ್ಚುತ್ತಿದ್ದರು. ಬುಧವಾರ ಮ್ಯಾನೇಜರ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಕೂತರು. ತನ್ನ ಕುರ್ಚಿಗೇ ಕುತ್ತು ಎಂದು ಅವಳಿಗೆ ಖಾತ್ರಿಯಾಯಿತು. ಮನೆಯಲ್ಲಿ ಹೇಳಿಕೊಂಡಾಗ ಅತ್ತೆ, “ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಕಣೇ,” ಎಂದು ಬಟ್ಟೆ ಮಡಚುತ್ತ ಕೂತರು.

ಗುರುವಾರ ಮೇಷ್ಟ್ರು ಊಟಕ್ಕೆ ಎದ್ದಾಗ ಅವಳು ನೋಟ್‌ಬುಕ್ ತೆರೆದೇಬಿಟ್ಟಳು. ತಾನು ಬರೆದ ಹದಿನೇಳು ಫಂಕ್ಷನ್‌ಗಳ, ಅಂದರೆ ಒಂದೊಂದು ಕೆಲಸ ಮಾಡುವ ಪ್ರೋಗ್ರಾಂ ತುಂಡುಗಳ ಹೆಸರು, ಎದುರಿಗೆ ಕೆಂಪು ಗುರುತು. ತಲೆ ಎತ್ತಿದರೆ ಮೇಷ್ಟ್ರು ಬಾಗಿಲಲ್ಲೇ ನಿಂತಿದ್ದರು. ಕನ್ನಡಕ ಮರೆತು ವಾಪಸ್ ಬಂದಿದ್ದರು.

“ನನ್ನ ತಪ್ಪುಗಳನ್ನ ಯಾರಿಗೆ ಒಪ್ಪಿಸೋಕೆ ಬರೆದಿಟ್ಟಿದ್ದೀರಾ ಮೇಷ್ಟ್ರೇ?”

“ತಪ್ಪಲ್ಲ ಮೇಡಂ. ಯಾವುದರಲ್ಲಿ ಏನು ಮೊದಲು ಅಂತ ನನಗೆ ನೆನಪಿರಲ್ಲ, ಅದಕ್ಕೆ. ನಿಮಗೆ ತೋರಿಸೋಕೆ ನಾಚಿಕೆ. ಹುಡುಕೋದು, ಸೋಸೋದು, ಇಂಥ ಹದಿನಾರರಲ್ಲಿ ನೀವು ಕೆಲಸ ಆಗಬೇಕಾದ ಪಟ್ಟೀನ ಕೊನೆಗೆ ಬರೆದಿದ್ದೀರಿ. ತೆಗೆಯೋದರಲ್ಲಿ ಮಾತ್ರ ಮೊದಲಿಗೆ. ಅದು ಕೈತಪ್ಪು ಅಂದ್ಕೊಂಡು ತಿರುಗಿಸಿದೆ.”

“ನನ್ನನ್ನ ಕೇಳಬಹುದಿತ್ತಲ್ಲ?”

“ಮೊದಲನೇ ವಾರ ಕೇಳಿದ್ದೆ. ‘ಓದಿದ್ರೆ ಗೊತ್ತಾಗುತ್ತೆ’ ಅಂದ್ರಿ.”

ಹೌದು, ಅಂದಿದ್ದಳು. ಓದಿದರೂ ಗೊತ್ತಾಗುತ್ತಿರಲಿಲ್ಲ ಎನ್ನುವುದೂ ಈಗ ಕಣ್ಣೆದುರಿಗಿತ್ತು. ಪಕ್ಕದ ಮೇಜಿನಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದ ದೊಡ್ಡಮ್ಮ ಮಧ್ಯೆ ಬಾಯಿಹಾಕಿದಳು: “ಯಾವುದು ಮೊದಲು ಅಂತ ಯಾಕಮ್ಮ ನೆನಪಿಟ್ಕೋಬೇಕು? ‘ಇದರಿಂದ ಇದನ್ನ ತೆಗಿ’ ಅಂತ ಬರೆದ್ರೆ, ಹಿಂದುಮುಂದಾದ್ರೂ ನನಗೂ ಅರ್ಥ ಆಗುತ್ತಪ್ಪ.”

ಇಬ್ಬರೂ ಕೂತು ಹಾಗೇ ಬರೆದರು. ಪ್ರತಿ ಪಟ್ಟಿಯ ಜೊತೆ ಅದರ ಕೆಲಸ ಹೇಳುವ ಹೆಸರು: ‘ಯಾವುದರಿಂದ’, ‘ಯಾವುದನ್ನು’. ಕೆಲಸದ ನಡುವೆ ಅವಳು ಬುಧವಾರದ ವಿಷಯ ಕೆದಕಿದಳು. ಮೇಷ್ಟ್ರು, ಇಲ್ಲಿ ಕೇಳಿ ಕಲಿಯಲಾಗುತ್ತಿಲ್ಲ, ಬೇರೆ ವಿಭಾಗಕ್ಕೆ ಕಳಿಸಿ ಎಂದು ಅರ್ಜಿ ಕೊಟ್ಟಿದ್ದಾಗಿ ಹೇಳಿದರು. ಅವಳಿಗೆ ನಾಚಿಕೆಯಿಂದ ಭೂಮಿಗಿಳಿದು ಹೋದಂತಾಯಿತು.

“ವಾಪಸ್ ತಗೊಳ್ಳಿ,” ಎಂದಳು.

“ನೋಡೋಣ ಮೇಡಂ.”

ಶನಿವಾರ ಆ ಹನ್ನೊಂದು ಮಂದಿಗೂ ಅವಳೇ ಫೋನ್ ಮಾಡಿ ತಪ್ಪಾಯಿತು ಎಂದಳು. ಒಬ್ಬಾತ ಹತ್ತು ನಿಮಿಷ ಬೈದ, ಕೇಳಿಸಿಕೊಂಡಳು. ಆಮೇಲೆ ಮೇಷ್ಟ್ರು ದಿನಕ್ಕೆ ಏಳೆಂಟು ಪ್ರಶ್ನೆ ತರತೊಡಗಿದರು, ಕೆಲವು ಬೇಕೆಂದೇ ತಂದ ಹಾಗಿತ್ತು. ಅವಳು ಒಂದಕ್ಕೂ ಸಿಡುಕಲಿಲ್ಲ. ಅರ್ಜಿ ವಾಪಸ್ ಪಡೆಯಲು ಅವರು ಮೂರು ವಾರ ತೆಗೆದುಕೊಂಡರು.